ಮಾವನ ಹನ್ನೊಂದು ಪೆಟ್ಟಿಗೆಯ ಲಾರಿ

ನಮ್ಮ ಸೋದರಮಾವ ಲಾರಿ ಕೊಂಡದ್ದು ತೆಂಗಿನಕಾಯಿ ಸಾಗಿಸುವುದಕ್ಕೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಅವರು ಅತ್ತೆಗೆ ಹೇಳಿದ ಕಾರಣ. ನಿಜವಾಗಿ ಅವರು ಲಾರಿ ಕೊಂಡದ್ದು ಅದಕ್ಕೆ ಪೆಟ್ಟಿಗೆ ಮಾಡಿಸುವುದಕ್ಕೆ. ತೆಂಗಿನಕಾಯಿ ಆ ಪೆಟ್ಟಿಗೆಗಳ ಜೊತೆಗೆ ಸುಮ್ಮನೆ ಸವಾರಿ ಹೋಗುತ್ತಿತ್ತು, ಅಷ್ಟೆ.

ಅವರ ತೋಟ, ಮನೆ ಎರಡೂ ಅರಳಗುಪ್ಪೆಯ ಹತ್ತಿರ. ತಿಪಟೂರಿನಲ್ಲಿ ಕಾಲೇಜು ಓದಿದ ಮೂರು ವರ್ಷವೂ ನಾನು ಅವರ ಮನೆಯಲ್ಲೇ ಇದ್ದವಳು. ಹಾಗಾಗಿ ಈ ಲಾರಿಯ ಹುಟ್ಟನ್ನೂ ಬಾಲ್ಯವನ್ನೂ ಕಣ್ಣಾರೆ ಕಂಡಿದ್ದೇನೆ. ಒಂದು ದಿನ ಮಾವ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಗ್ಗ ಹುಡುಕಿದರು. ಕೊಟ್ಟಿಗೆ, ಅಟ್ಟ, ಪಂಪುಮನೆ ಎಲ್ಲಾ ಜಾಲಾಡಿ ಕೊನೆಗೆ ಹಗ್ಗ ಸಿಕ್ಕಿತು. ಆದರೆ ಅಷ್ಟರಲ್ಲಿ ಅದು ಯಾತಕ್ಕೆ ಬೇಕಾಗಿತ್ತು ಎಂಬುದು ಮರೆತುಹೋಗಿತ್ತು. ಹಗ್ಗ ಹಿಡಿದುಕೊಂಡು ಅಂಗಳದ ನಡುವೆ ತುಂಬ ಹೊತ್ತು ನಿಂತರು. ಮಾರನೆಯ ವಾರ ಹಳೆಯದೊಂದು ಸಣ್ಣ ಲಾರಿ ಮನೆಯ ಮುಂದೆ ಬಂದು ನಿಂತಿತು. ಹಗ್ಗ ಹೊತ್ತಿಗೆ ಸಿಗಲಿಲ್ಲವೆಂದು, ಒಂದೊಂದು ಸಾಮಾನಿಗೂ ಒಂದೊಂದು ಜಾಗ ಮಾಡಲು ಲಾರಿ ಕೊಂಡವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ತಿಪಟೂರಿನಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡೊಂದಿತ್ತು. ಅಲ್ಲಿನ ಮೇಸ್ತ್ರಿ ಸಂಭಾವಿತ ಮನುಷ್ಯ, ಮಾವನ ಪರಿಚಯ ಆಗುವವರೆಗೂ ನೆಮ್ಮದಿಯಾಗಿದ್ದವನು. ಮಾವ ಅವನಿಗೆ ವಿವರಿಸಿದರು: ಹಳೆಯ ತೊಟ್ಟಿ ಪೂರ್ತಿ ತೆಗೆಯಬೇಕು. ಅದರ ಜಾಗದಲ್ಲಿ ಹಲಗೆ ಹಾಸಿದ ಮಟ್ಟಸವಾದ ತಟ್ಟೆ ಬರಬೇಕು. ಪಕ್ಕದ ಹಲಗೆಗಳನ್ನು ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವಂತಿರಬೇಕು. ತಟ್ಟೆಯ ಕೆಳಗೆ, ಲಾರಿಯ ಎರಡೂ ಪಕ್ಕಕ್ಕೆ, ಹೊರಗಡೆಗೆ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆಗಳು.

"ಎಷ್ಟ್ ಪೆಟ್ಗೆ ಅಣ್ಣ, ಎಲ್ಡಾ?" ಎಂದ ಮೇಸ್ತ್ರಿ.

"ಹನ್ನೊಂದು."

ಮೇಸ್ತ್ರಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಜೇಬಿಗೆ ಹಾಕಿಕೊಂಡ. "ಅಣ್ಣ, ನಾವ್ ಕಟ್ತಿರೋದು ಲಾರಿನೋ ಬೀರುನೋ?"

ಅಳತೆ ಬರೆದು ಕೊಡುವುದು ಮಾವನ ಜಾಯಮಾನವಲ್ಲ. ಯಾವ ಪೆಟ್ಟಿಗೆಗೆ ಯಾವ ವಸ್ತುವೋ ಆ ವಸ್ತುವೇ ಖುದ್ದಾಗಿ ಶೆಡ್ಡಿಗೆ ಹೋಗಿ ಮಲಗಿ ನೋಡಬೇಕು. ಹೀಗೆ ಮನೆಯಿಂದ ಜಾಕಿ ಹೋಯಿತು, ಟಾರ್ಪಾಲು ಹೋಯಿತು, ಕಾಯಿ ಸುಲಿಯುವ ಸಲಾಕೆ ಹೋಯಿತು. ದಾರಿಯಲ್ಲಿ ಹಸಿವಾದರೆ ಇರಲಿ ಎಂದು ಸೀಮೆಎಣ್ಣೆ ಸ್ಟೌ ಹೋಯಿತು. ಅದರ ಹಿಂದೆಯೇ ಅತ್ತೆಯ ರೊಟ್ಟಿ ಹಂಚೂ ಹೋಯಿತು. ನಾಲ್ಕು ದಿನ ನಮ್ಮ ಮನೆಯಲ್ಲಿ ಮೂರು ಹೊತ್ತೂ ಮುದ್ದೆ. ಐದನೆಯ ದಿನ ನಾನು ಬಾಯಿಬಿಟ್ಟು ರೊಟ್ಟಿ ಕೇಳಿದೆ.

"ಹಂಚು ತಿಪಟೂರಲ್ಲಿ ಅಳತೆ ಕೊಡ್ತಾ ಐತೆ ಕಣವ್ವ," ಎಂದರು ಅತ್ತೆ, ಮುದ್ದೆ ತಿರುವುತ್ತ. "ಬಟ್ಟೆ ಹೊಲಿಸ್ಕಂಡು ಬಂದ್ಮೇಲೆ ರೊಟ್ಟಿ ಹಾಕ್ತೀನಿ."

ಲಾರಿ ಸಿದ್ಧವಾಗಿ ಬಂದಾಗ, ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಎಲೆಹಸಿರು ಬಣ್ಣ, ಹನ್ನೊಂದು ಬಾಗಿಲು, ಹನ್ನೊಂದು ಚಿಲಕ. ಕಾಯಿ ಕೀಳುವ ಗಳುವಿನ ತುದಿಯ ಕುಡುಗೋಲಿಗೆ ಒಂದು, ಸೂಜಿ ದಾರ ಗುಂಡಿಗಳಿಗೆ ಒಂದು, ಫ್ಲಾಸ್ಕು ಮತ್ತು ಆರು ಲೋಟಕ್ಕೆ ಒಂದು. ಮಾವ ಸಂಜೆ ಹೊತ್ತು ಬಟ್ಟೆ ಹಿಡಿದು ಒಂದೊಂದೇ ಬಾಗಿಲು ತೆಗೆದು ಒರೆಸಿ ಮುಚ್ಚುತ್ತಿದ್ದರು. ಮಕ್ಕಳಿಲ್ಲದ ಮನೆ ಅದು. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದರೆ ಹನ್ನೊಂದು ಸಲ ಟಪ್ ಟಪ್ ಸದ್ದು ಕೇಳಿಸುತ್ತಿತ್ತು. ಈಗಲೂ ಎಲ್ಲಾದರೂ ಕಬ್ಬಿಣದ ಚಿಲಕ ಬಿದ್ದರೆ ನನಗೆ ಆ ಸಂಜೆಗಳ ಬಿಸಿಲು, ಒಣಗಿದ ಮಟ್ಟೆಯ ವಾಸನೆ, ಒಳಗೆ ಅತ್ತೆ ಒಗ್ಗರಣೆ ಹಾಕುತ್ತಿದ್ದ ಸದ್ದು ಎಲ್ಲಾ ಒಟ್ಟಿಗೆ ನೆನಪಾಗುತ್ತವೆ.

ಮೊದಲ ಸಲ ಕೊಬ್ಬರಿ ತುಂಬಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋದಾಗ ನಾನೂ ಜೊತೆಯಲ್ಲಿದ್ದೆ. ಕೊಬ್ಬರಿ ನೋಡಲು ಬಂದ ವ್ಯಾಪಾರಿ ಚೀಲಕ್ಕೆ ಕೈಹಾಕಿದವನು ಹಾಗೇ ಬಗ್ಗಿ ಕೆಳಗೆ ನೋಡಿದ. "ಇದ್ರಾಗೇನೈತೆ?" ಎಂದ. ಮಾವ ತೆಗೆದು ತೋರಿಸಿದರು. ಇನ್ನಿಬ್ಬರು ಬಂದರು. ನಾಲ್ಕನೆಯ ಪೆಟ್ಟಿಗೆಯ ಹೊತ್ತಿಗೆ ಸಣ್ಣ ಗುಂಪೇ ಸೇರಿತ್ತು. ಗುಂಡಿ ಕಿತ್ತುಹೋಗಿದ್ದ ಹಮಾಲನೊಬ್ಬ ಅಲ್ಲೇ ಗುಂಡಿ ಹಾಕಿಸಿಕೊಂಡ. ಹನ್ನೊಂದನೆಯ ಬಾಗಿಲು ಮುಚ್ಚಿದ ಮೇಲೆ ವ್ಯಾಪಾರಿ ತೃಪ್ತಿಯಿಂದ ಕೈ ಒರೆಸಿಕೊಂಡು ಹೊರಟ. ಕೊಬ್ಬರಿಯನ್ನು ನೋಡಿಯೇ ಇರಲಿಲ್ಲ.

ಅಮ್ಮಸಂದ್ರದ ಹತ್ತಿರ ಚಕ್ರ ಪಂಕ್ಚರ್ ಆದ ಕಥೆಯನ್ನಂತೂ ಮಾವ ನನಗೆ ಯಾರ ಮುಂದೆಯೂ ಹೇಳಬೇಡ ಎಂದಿದ್ದರು. ಆದ್ದರಿಂದ ನಿಮಗೆ ಮಾತ್ರ ಹೇಳುತ್ತೇನೆ. ಎಡಗಡೆ ಹಿಂದಿನ ಚಕ್ರ ಕೂತುಬಿಟ್ಟಿತು. ಲಾರಿ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ವಾಲಿಕೊಂಡು ನಿಂತಿತು. ಮಾವ ಗಾಬರಿಯಾಗಲಿಲ್ಲ. ಇಂಥ ದಿನಕ್ಕಾಗಿಯೇ ಅಲ್ಲವೇ ಅವರು ಕಾದಿದ್ದದ್ದು! ನಗುತ್ತಲೇ ಇಳಿದು ಹೋದವರು ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡು ಬಂದರು. ಜಾಕಿಯ ಪೆಟ್ಟಿಗೆ ಅದೇ ಚಕ್ರದ ಪಕ್ಕದಲ್ಲಿತ್ತು. ಅದರ ಬಾಗಿಲು ಕೆಳಕ್ಕೆ ತೆರೆಯುವಂಥದ್ದು. ಈಗ ದಿಬ್ಬಕ್ಕೆ ತಾಗಿ ಒಂದು ಬೆರಳೂ ತೆರೆಯುತ್ತಿರಲಿಲ್ಲ.

"ಜಾಕಿ ತೆಗೀಬೇಕಂದ್ರೆ ಲಾರಿ ಎತ್ಬೇಕು ಕಣವ್ವ," ಎಂದರು ಗಂಭೀರವಾಗಿ. "ಲಾರಿ ಎತ್ಬೇಕಂದ್ರೆ ಜಾಕಿ ತೆಗೀಬೇಕು."

ಸಿಮೆಂಟು ಲಾರಿಯವನೊಬ್ಬ ನಿಲ್ಲಿಸಿ ತನ್ನ ಜಾಕಿ ಕೊಟ್ಟ. ಕೆಲಸ ಮುಗಿದ ಮೇಲೆ ಮಾವ ಅವನನ್ನು ಸುಮ್ಮನೆ ಬಿಡುತ್ತಾರೆಯೇ? ಒಂದು ಪೆಟ್ಟಿಗೆಯಿಂದ ಚಾಪೆ, ಒಂದರಿಂದ ಫ್ಲಾಸ್ಕು ಲೋಟ, ಒಂದರಿಂದ ಕೈ ಒರೆಸುವ ಬಟ್ಟೆ ಬಂತು. ಅವನು ಕಾಫಿ ಕುಡಿದು ಹೇಳಿದ, "ಯಜಮಾನ್ರೇ, ಜಾಕಿ ಒಂದ್ ಬುಟ್ಟು ಇನ್ನೆಲ್ಲಾ ಐತೆ ನಿಮ್ತಾವ."

ನನ್ನ ಓದು ಮುಗಿಯಿತು. ತುರುವೇಕೆರೆಯಲ್ಲಿ ಶಾಲೆಯ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಮಾವನ ಮನೆಗೆ ಹೋಗುವುದು ರಜೆಗಷ್ಟೇ ಉಳಿಯಿತು. ಆ ನಡುವೆ ಅತ್ತೆಗೆ ಮಂಡಿ ನೋವು ಹಿಡಿಯಿತು. ಬರಬರುತ್ತ ಬಸ್ಸು ಹತ್ತಲಾಗದು, ಲಾರಿಯ ಕ್ಯಾಬಿನ್ನಿಗಂತೂ ಕಾಲೆತ್ತಲೂ ಆಗದು ಎನ್ನುವಂತಾಯಿತು. ಕಾರು ತರಿಸಿದರೆ ಅಷ್ಟು ತಗ್ಗಿಗೆ ಕೂತು ಏಳುವುದು ಅದಕ್ಕಿಂತ ಕಷ್ಟ. ಎಂಟು ತಿಂಗಳು ಅವರು ಮನೆಯ ಗೇಟು ದಾಟಿರಲಿಲ್ಲ. ಹುಳಿಯಾರಿನಲ್ಲಿ ಅವರ ತಂಗಿಯ ಮೊಮ್ಮಗಳಿಗೆ ನಾಮಕರಣ ಎಂದು ಕರೆ ಬಂತು. ನಾನು ಕರೆದುಕೊಂಡು ಹೋಗಲು ಬಂದಿದ್ದೆ.

"ನೀವೆಲ್ಲಾ ಹೋಗ್ಬನ್ರವ್ವ," ಎಂದರು ಅತ್ತೆ. "ಮಗೀನ ಫೋಟೋದಾಗೇ ನೋಡ್ತೀನಿ." ಹೇಳಿ ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾವ ಹಿತ್ತಲಿಗೆ ಹೋಗಿ ಮೂರು ಇಟ್ಟಿಗೆ ತಂದರು. ಅಂಗಳದಲ್ಲಿ ಒಂದನ್ನು ಇಟ್ಟು ಅತ್ತೆಯನ್ನು ಕರೆದರು. "ಇದ್ರ ಮ್ಯಾಲೆ ಕಾಲಿಡು."

"ಇದೇನ್ರೀ ಈ ವಯಸ್ಸಲ್ಲಿ ಕುಂಟಾಬಿಲ್ಲೆ?"

"ಇಡು ಅಂದ್ರೆ ಇಡು."

ಅತ್ತೆ ಇಟ್ಟರು. ಮಾವ ಇನ್ನೊಂದು ಇಟ್ಟಿಗೆ ಪೇರಿಸಿದರು. ಅದಕ್ಕೂ ಹತ್ತಿದರು. ಮೂರನೆಯದಕ್ಕೆ ಕಾಲೆತ್ತಿದಾಗ ಅತ್ತೆ ತುಟಿ ಕಚ್ಚಿಕೊಂಡರು. ಮಾವ ಅವರ ಮುಖವನ್ನೇ ನೋಡುತ್ತಿದ್ದರು. ಮೂರನೆಯ ಇಟ್ಟಿಗೆಯನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದೆರಡನ್ನು ಲಾರಿಗೆ ಹಾಕಿಕೊಂಡು ತಿಪಟೂರಿಗೆ ಹೊರಟರು. ನಾನೂ ಹತ್ತಿದೆ.

ಶೆಡ್ಡಿನಲ್ಲಿ ಎರಡು ಇಟ್ಟಿಗೆಯನ್ನು ಒಂದರ ಮೇಲೊಂದಿಟ್ಟು ಮೇಸ್ತ್ರಿಗೆ ತೋರಿಸಿದರು. "ಎಳೆದ್ರೆ ಆಚೆ ಬರೋ ಮೆಟ್ಲು ಬೇಕು. ಕ್ಯಾಬಿನ್ ಬಾಗ್ಲಿಗೆ ಕೊಕ್ಕೆ ಹಾಕಂಗಿರ್ಲಿ. ಹಿಡ್ಕಳಾಕೆ ಪೈಪು. ಒಂದೊಂದ್ ಮೆಟ್ಲೂ ಇಷ್ಟೇ ಎತ್ರ. ಒಂದ್ ನೂಲೂ ಜಾಸ್ತಿ ಆಗ್ಬಾರ್ದು."

ಮೇಸ್ತ್ರಿ ಬಗ್ಗಿ ನೋಡಿದ. "ಮೆಟ್ಲು ಒಳೀಕ್ ತಳ್ಳಾಕೆ ಜಾಗ ಬೇಕಲ್ಲಣ್ಣ. ಈ ಕಡೆ ಮೂರು ಪೆಟ್ಗೆ ಕುಯ್ಬೇಕಾಯ್ತದೆ." ಆಮೇಲೆ ಮೆಲ್ಲಗೆ ಸೇರಿಸಿದ, "ಬ್ಯಾಡ ಅಂದ್ರೆ ಬುಡಣ್ಣ. ನೀನೇ ನಿಂತು ಮಾಡ್ಸಿರೋವು."

ಮಾವ ಆ ಮೂರು ಪೆಟ್ಟಿಗೆಗಳ ಬಾಗಿಲು ತೆಗೆದು ಒಳಗಿದ್ದದ್ದನ್ನೆಲ್ಲಾ ಚೀಲಕ್ಕೆ ತುಂಬಿದರು. ಖಾಲಿಯಾದ ಮೇಲೆ ಹೇಳಿದರು, "ಕುಯ್ಯಿ."

ನಾಮಕರಣದ ದಿನ ಬೆಳಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಪೈಪು ಹಿಡಿದು ನಾಲ್ಕು ಮೆಟ್ಟಿಲು ಹತ್ತಿದರು. ಯಾರ ಕೈಯನ್ನೂ ಕೇಳಲಿಲ್ಲ. ಕಿಟಕಿಯ ಪಕ್ಕ ಅವರು, ನಡುವೆ ನಾನು, ಆ ಕಡೆ ಮಾವ. ತಿಪಟೂರು ದಾಟಿದ ಮೇಲೆ ಅತ್ತೆ ಶುರುಮಾಡಿದರು. ಈ ತೋಟಕ್ಕೆ ಬೇಲಿ ಯಾವಾಗ ಹಾಕಿದರು, ಆ ಮನೆಗೆ ಮಾಳಿಗೆ ಯಾವಾಗ ಎಬ್ಬಿಸಿದರು, ಈ ಸಸಿಗಳು ಎಷ್ಟು ಬೇಗ ಎದ್ದವಲ್ಲ ಎಂದು ಕೇಳಿದ್ದೇ ಕೇಳಿದ್ದು. ಎಂಟು ತಿಂಗಳ ಬಾಕಿ ಪ್ರಶ್ನೆಗಳು. ಮಾವ ಪ್ರತಿಯೊಂದಕ್ಕೂ ಲಾರಿ ನಿಧಾನಿಸಿ ಉತ್ತರ ಹೇಳಿದರು. ಗೊತ್ತಿಲ್ಲದ ಕಡೆ ನಿಲ್ಲಿಸಿ, ರಸ್ತೆಯಲ್ಲಿ ಹೋಗುವವರನ್ನು ಕೇಳಿ ಹೇಳಿದರು. ಚಿಕ್ಕನಾಯಕನಹಳ್ಳಿ ಬರುವಷ್ಟರಲ್ಲಿ ಸೈಕಲ್ಲುಗಳೂ ನಮ್ಮನ್ನು ಹಿಂದೆ ಹಾಕಿದ್ದವು. ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ನನ್ನ ಸೊಂಟ ಹಿಡಿದುಕೊಂಡಿತ್ತು.

ತಂಗಿಯ ಮನೆಯ ಮುಂದೆ ಲಾರಿ ನಿಂತಾಗ ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ ಮಾವನನ್ನು ನೋಡಿದರು.

"ಅಯ್ಯೋ, ಆಗ್ಲೇ ಬಂದ್ಬುಟ್ವಾ?"