ಅಣಬೆ ತಿನ್ನದ ಅಣಬೆ ಸರ್

ಕಾಸರಗೋಡಿನ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಟೀಚರ್. ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟ ಅಣಬೆಗಳ ಒಂದು ಕಪಾಟು ನನ್ನ ಸುಪರ್ದಿಯಲ್ಲಿ ಉಂಟು. ಸತ್ತ ಅಣಬೆ ಕಾಯುವಲ್ಲಿ ನಗುವಂಥದ್ದು ಎಂತ ಅಂತ ಕೇಳಬೇಡಿ. ನಗಬಾರದ ಹೊತ್ತಿಗೇ ಏನಾದರೊಂದು ಆಗುತ್ತದೆ. ಆ ಕಪಾಟು ತುಂಬಿಸಿದ ನಮ್ಮ ಸರ್ ಈ ಮಳೆಗಾಲದಲ್ಲಿ ತೀರಿಹೋದರು.

೧. ಬೂಸ್ಟು

ಆಟಿ ತಿಂಗಳ ಜಡಿಮಳೆಗೆ ಒಣ ಅಣಬೆಗೂ ಬೂಸ್ಟು ಹಿಡಿಯುತ್ತದೆ. ಕಪಾಟು ಬೆಚ್ಚಗಿರಲಿ ಅಂತ ಒಮ್ಮೆ ಪ್ರಿನ್ಸಿಪಾಲ್ ಮೇಡಂ ಹತ್ತಿರ ಬಲ್ಬು ಕೇಳಿದೆ.

"ಬೂಸ್ಟೂ ಫಂಗಸ್ಸೇ ಅಲ್ವಾ?" ಅಂದರು.

"ಹೌದು ಮೇಡಂ."

"ಮತ್ತೆ? ತಾನಾಗಿ ಬಂದದ್ದನ್ನು ಯಾಕೆ ಓಡಿಸುವುದು ಮಾರಾಯ್ರೆ? ಅದಕ್ಕೂ ಒಂದು ಲೇಬಲ್ ಹಚ್ಚಿ."

ಸಿಟ್ಟಿನಿಂದ ಬಂದು ಸರ್‌ಗೆ ಹೇಳಿದೆ. ಅವರು ನಗಲಿಲ್ಲ. ಬೂಸ್ಟು ಕೆರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಲೇಬಲ್ ಹಚ್ಚಿಯೇ ಬಿಟ್ಟರು.

೨. ಬುಟ್ಟಿ

ಮೊಗ್ರಾಲಿನ ಹಾಜಿಯೊಬ್ಬರು ಒಂದು ಬುಟ್ಟಿ ಅಣಬೆ ತಂದರು. ಸರ್ ಮೂಸಿ, ಸೀಳಿ ನೋಡಿ, ಉದ್ದದ ಹೆಸರೊಂದು ಹೇಳಿದರು.

"ಹೆಸರಿರಲಿ. ತಿನ್ನಬಹುದಾ?"

"ಧಾರಾಳ."

"ಹಾಗಾದರೆ ಅರ್ಧ ನಿಮಗೆ."

ಸರ್ ಹಿಂದೆ ಸರಿದರು. "ಅಯ್ಯೋ ಬೇಡ! ನಾನು ತಿನ್ನುವುದಿಲ್ಲ."

ಹಾಜಿ ಬುಟ್ಟಿಯನ್ನೂ ಬಿಟ್ಟು ಬಸ್ಸು ಹತ್ತಿದರು.

೩. ಗಸಿ

ವಿಷದ ವಿಷಯ ಅಷ್ಟು ಓದಿದ ಸರ್, ಅಣಬೆಯನ್ನು ನಾಲಗೆಗೆ ತಾಗಿಸಿದವರೇ ಅಲ್ಲ. ಅವರ ಹೆಂಡತಿ, ನಮಗೆಲ್ಲ ಅಕ್ಕ, ಮಾಡುವ ಅಣಬೆ ಗಸಿಗೆ ಊರಿಡೀ ಹೆಸರು. ಮಳೆಗಾಲದಲ್ಲಿ ನಮ್ಮನ್ನು ಕರೆದು ಬಡಿಸುತ್ತಿದ್ದರು. ಸರ್ ಮಜ್ಜಿಗೆ ಅನ್ನ ಉಂಡು, ಮರುದಿನ ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು: "ಹುಷಾರಿದ್ದೀರಲ್ಲ?"

ನಾವು ನಗುತ್ತಿದ್ದೆವು. ಅಕ್ಕನಿಗೆ ಮಾತ್ರ ನೋವು. "ಇವರು ಒಂದು ಸಲ ತಿಂದು, ಚಂದ ಆಗಿದೆ ಅಂದರೆ ಸಾಕಿತ್ತು ನನಗೆ" ಅನ್ನುತ್ತಿದ್ದರು.

ಹಾಸಿಗೆ ಹಿಡಿದಾಗ ಸರ್ ಅಕ್ಕನ ಕೈ ಹಿಡಿದು, "ಗುಣ ಆಗಲಿ, ಖಂಡಿತ ತಿನ್ನುತ್ತೇನೆ" ಅಂದರು. ಗುಣ ಆಗಲಿಲ್ಲ.

೪. ಎಲೆ

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ತೀರಿಹೋದವರಿಗೆ ಇಷ್ಟದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಅವರ ಮನೆಯ ಕ್ರಮ. ಎಲ್ಲ ಬಡಿಸಿ ಆಗಿತ್ತು. ಅಷ್ಟರಲ್ಲಿ ಅಕ್ಕ ಒಳಗಿಂದ ಗಸಿಯ ಪಾತ್ರೆ ಹಿಡಿದು ಬಂದರು.

ಸರ್ ಅವರ ಅಣ್ಣ ತಡೆದರು. "ಇದೆಂತ ಮಾರಾಯ್ತಿ? ಅವ ಅಣಬೆ ಅಂದರೆ ಹೆದರಿ ಸಾಯುತ್ತಿದ್ದ. ಇವತ್ತಾದರೂ ಬಿಡು."

ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಎಲೆಯ ನಡುವಿಗೇ ಒಂದು ಸೌಟು ಹಾಕಿದರು.

"ತಿಂದರೆ ಸಾಯುತ್ತೇನೆ ಅಂತ ಅಲ್ವಾ ಭಾವ, ಇವರು ಹೆದರಿದ್ದು? ಇನ್ನೆಂತ ಹೆದರಿಕೆ? ತಿನ್ನಲಿ."