ತಿಂಡಿಯ ತಿ, ಊಟದ ಟ

— ಎಂಟಕ್ಕೆ ತಿನ್ನೋದು ತಿಂಡಿ. ಒಂದಕ್ಕೆ ತಿನ್ನೋದು ಊಟ. ನಡುವೆ ತಿನ್ನೋದಕ್ಕೆ ಏನಂತಾರೆ, ಅದನ್ನ ಹೇಳು.

— ಹೇಳಿದೆನಲ್ಲ ರೀ. ಬ್ರಂಚು.

— ಅದು ಹೆಸರಲ್ಲ ಕಣೇ, ಸೀನು. ಯಾರೋ ಸೀನಿದ್ದನ್ನ ಇವರು ಬೋರ್ಡ್ ಮೇಲೆ ಬರೆಸಿಬಿಟ್ಟಿದ್ದಾರೆ.

ರೆಸ್ಟೋರೆಂಟಿನ ಗಾಜಿನ ಬಾಗಿಲನ್ನು ಅರ್ಧ ತಳ್ಳಿ ಹಿಡಿದುಕೊಂಡು ಅವಳು ನಿಂತಿದ್ದಳು. ಈ ಜಗಳ ಮನೆಯ ಅಡುಗೆಮನೆಯಲ್ಲಿ ಹುಟ್ಟಿ, ಮೆಟ್ಟಿಲಿಳಿದು, ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಗಂಡಹೆಂಡಿರ ನಡುವೆ ಕೂತು ಬಂದು, ಈಗ ಇಬ್ಬರಿಗಿಂತ ಮೊದಲು ತಾನೇ ಒಳಗೆ ನುಗ್ಗಲು ಹವಣಿಸುತ್ತಿತ್ತು.

ಗಂಡ ಗಡಿಯಾರ ರಿಪೇರಿ ಮಾಡುವವನು. ಮದುವೆಯಾಗಿ ಇಪ್ಪತ್ತಾರು ವರ್ಷವೂ ಅವಳ ಒಲೆ ಅವನ ಮುಳ್ಳಿನ ಹಿಂದೆಯೇ ಸುತ್ತಿತ್ತು: ಎಂಟು, ಒಂದು, ಎಂಟೂವರೆ. ತಟ್ಟೆ ಎರಡು ನಿಮಿಷ ತಡವಾದರೆ ಅವನು ಬೈಯುತ್ತಿರಲಿಲ್ಲ. ಮಣಿಕಟ್ಟನ್ನು ಕಿವಿಗೆ ಹಿಡಿದು, ಕೆಟ್ಟಿರುವುದು ವಾಚೋ ಹೆಂಡತಿಯೋ ಎಂದು ಪರೀಕ್ಷಿಸುತ್ತಿದ್ದ. ಬೈದಿದ್ದರೇ ವಾಸಿಯಿತ್ತು.

ಅವಳು ಹೊಲಿಗೆಯವಳು. ಈ ವಾರ ಒಂದು ಶಾಲೆಯ ನಲವತ್ತು ಸಮವಸ್ತ್ರ ಹೊಲಿದು ಮುಗಿಸಿದ್ದಳು. ಏನು ಬೇಕೋ ಕೇಳು ಎಂದು ಗಂಡ ಧಾರಾಳವಾಗಿ ಹೇಳಿದಾಗ ಅವಳು ಬಟ್ಟೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ; ಒಂದೇ ಒಂದು ಸಲ ಹೊತ್ತಲ್ಲದ ಹೊತ್ತಿನಲ್ಲಿ ಕೂತು ತಿನ್ನಬೇಕು ಎಂದಳು. ಇಂಥ ಜಾಗವಿದೆ, ಕಿಟಕಿಯ ಪಕ್ಕ ಕೂತರೆ ಯಾರೂ ಏಳಿ ಅನ್ನುವುದಿಲ್ಲ ಎಂದು ತಂಗಿ ಹೇಳಿದ್ದಳು. ಅದಕ್ಕೋಸ್ಕರ ಬೆಳಗಿನಿಂದ ಅರ್ಧ ಲೋಟ ಚಹಾ ಬಿಟ್ಟರೆ ಬಾಯಿಗೇನೂ ಹಾಕಿರಲಿಲ್ಲ. ಗಂಡ ಮಾತ್ರ ಎಂಟಕ್ಕೆ ಸರಿಯಾಗಿ ನಾಲ್ಕು ಹೋಳು ಬ್ರೆಡ್ಡು ತಿಂದೇ ಹೊರಟಿದ್ದ. ಮುಂಜಾಗ್ರತೆಗೆ.

— ಅದರಲ್ಲೇನಿದೆ ಅರ್ಥವಾಗದ್ದು? ತಿಂಡಿಯ ತಲೆ, ಊಟದ ಬಾಲ ಸೇರಿಸಿ ಒಂದು ಮಾಡಿದ್ದಾರೆ.

— ಹಾಗಾದ್ರೆ ನಮ್ಮ ಭಾಷೇಲೂ ಸೇರಿಸೋಣ. ತಿಂಡಿಯ ತಿ, ಊಟದ ಟ. ಏನಾಯ್ತು?

ಅವಳ ತುಟಿ ತಾನಾಗಿ ಅಲುಗಿತು. ತಿ... ಟ...

— ತೀಟೆ ಕಣೇ. ಅಷ್ಟೇ ಇದು. ಹಸಿವಲ್ಲ, ತೀಟೆ.

— ಒಳಗೆ ಬನ್ನಿ, ಇಲ್ಲಾಂದ್ರೆ ಬಾಗಿಲು ಹಾಕಿ. ನೊಣಕ್ಕೂ ಬ್ರಂಚೇ ಬೇಕಂತೆ.

ಹೀಗೆಂದವಳು ಅಲ್ಲಿ ಬಡಿಸುವಾಕೆ. ನಲವತ್ತರ ಆಸುಪಾಸು. ಹೊಲಿಗೆಯವಳ ಕಣ್ಣು ಮುಖಕ್ಕಿಂತ ಮೊದಲು ಬಟ್ಟೆಯನ್ನು ನೋಡುತ್ತದೆ: ಏಪ್ರನ್ನು ಯಾರೋ ಎತ್ತರದವರ ಅಳತೆಯದು, ಸೊಂಟದಲ್ಲಿ ಎರಡು ಸುತ್ತು ಕಟ್ಟಿದೆ, ಚಪ್ಪಲಿಯ ಹಿಮ್ಮಡಿ ಒಂದೇ ಕಡೆ ಸವೆದಿದೆ. ಆ ಬಡಿಸುವಾಕೆಯೋ ಗಡಿಯಾರದವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು. ಆಮೇಲೆ ದುಡುದುಡು ಹೋಗಿ ಕಿಟಕಿಯ ಪಕ್ಕದ ಮೇಜಿನ ಮೇಲೆ ‘ಕಾದಿರಿಸಲಾಗಿದೆ’ ಎಂಬ ಹಲಗೆ ಇಟ್ಟು ಬಂದು, ಇವರನ್ನು ಒಳಗೋಡೆಯ ಮೇಜಿಗೆ ಕರೆದೊಯ್ದಳು. ಕಿಟಕಿ ಬೇಕಾಗಿತ್ತಲ್ಲ ಎಂದು ಹೊಲಿಗೆಯವಳು ಗೊಣಗಿದ್ದಕ್ಕೆ, ಅದನ್ನು ಯಾರೋ ಹಿಡಿದಿಟ್ಟಿದ್ದಾರೆ ಎಂಬ ಉತ್ತರ ಬಂತು.

ಒಳಗೋಡೆಯ ಮೇಜಿನ ನೆತ್ತಿಯ ಮೇಲೆಯೇ ಒಂದು ದೊಡ್ಡ ಗಡಿಯಾರ ತೂಗುತ್ತಿತ್ತು. ಹನ್ನೆರಡೂ ಇಪ್ಪತ್ತು.

ಗಂಡನ ಕಣ್ಣು ತಿನಿಸುಗಳ ಪಟ್ಟಿಯ ಮೇಲಿತ್ತು, ಸದ್ಯ. ಬ್ರಂಚ್ ಹನ್ನೊಂದರಿಂದ ಒಂದು, ಮಧ್ಯಾಹ್ನದ ಚಹಾ ಮೂರರಿಂದ ಐದು ಎಂದು ಗಟ್ಟಿಯಾಗಿ ಓದಿ ತಲೆಯೆತ್ತಿದ.

— ಒಂದರಿಂದ ಮೂರರವರೆಗೆ ಏನು ಕೊಡ್ತೀರಮ್ಮ?

— ಆಗ ಬಾಗಿಲು ಹಾಕಿರುತ್ತೆ ಸರ್.

— ಅಂದ್ರೆ ಊಟದ ಹೊತ್ತಿಗೆ ಸರಿಯಾಗಿ ಹೋಟೆಲ್ ಮುಚ್ತೀರ. ಭೇಷ್. ಹೋಗಲಿ, ಒಂದು ಬೇಯಿಸಿದ ಮೊಟ್ಟೆ. ಎಷ್ಟು ನಿಮಿಷ ಬೇಯಿಸ್ತೀರ?

— ನಾಲ್ಕು ನಿಮಿಷ ಸರ್.

— ಯಾವ ಗಡಿಯಾರದಲ್ಲಿ?

— ಇದರಲ್ಲೇ.

ಬಡಿಸುವಾಕೆ ಕೈಯಲ್ಲಿದ್ದ ಪೆನ್ಸಿಲ್ಲಿನಿಂದ ನೆತ್ತಿಯ ಮೇಲಿನ ಗಡಿಯಾರವನ್ನು ತೋರಿಸಿದಳು. ಹಾಲು ಕುಡಿಯುವ ಮಗುವಿನ ಮುಖ ಮಾಡಿಕೊಂಡು ಒಂದು ಮಾತು ಸೇರಿಸಿದಳು.

— ಯಾಕೆ ಸರ್, ಸರಿ ಇಲ್ವಾ?

ಗಂಡನ ಕತ್ತು ನಿಧಾನವಾಗಿ ಮೇಲಕ್ಕೆ ತಿರುಗಿತು. ಆ ಮುಖವನ್ನು ಹೆಂಡತಿ ಬಲ್ಲಳು. ಅವಳ ತಂಗಿಯ ಮದುವೆಯಲ್ಲಿ ಛತ್ರದ ಗಡಿಯಾರ ನಿಂತಿದ್ದಾಗ ಇದೇ ಮುಖವಿತ್ತು. ಆ ಮದುವೆಯ ಒಂದು ಫೋಟೋದಲ್ಲೂ ಅವನಿಲ್ಲ.

— ರೀ, ಅದನ್ನ ನೋಡ್ಬೇಡಿ.

— ನಾನು ನೋಡ್ತಿಲ್ಲ. ಅದು ನನ್ನನ್ನ ನೋಡ್ತಿದೆ. ಇಪ್ಪತ್ತು ನಿಮಿಷ ಹಿಂದಿದೆ ಕಣೇ.

— ಇದ್ದರೆ ಇರಲಿ. ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?

— ಗಂಟಲ್ಲ, ಗಂಟೆ. ಗಂಟೆನೇ ಹೋಗ್ತಿರೋದು.

ಅವನು ಕಣ್ಣು ಮುಚ್ಚಿ ಟಿಕ್ಕು ಟಿಕ್ಕು ಕೇಳಿಸಿಕೊಂಡ. ಬಡಿಸುವಾಕೆ ಬಂದು ಏನು ತರಲಿ ಎಂದಳು, ತಡಿಯಮ್ಮ ಎಂದ. ಮತ್ತೆ ಬಂದಳು, ಮತ್ತೆ ತಡಿ ಎಂದ. ಹೆಂಡತಿ ಪಟ್ಟಿಯಲ್ಲಿ ಬೆರಳಿಟ್ಟು ಆಮ್ಲೆಟ್ಟು, ಹುರಿದ ಬ್ರೆಡ್ಡು, ಹಣ್ಣು ಎಂದು ತನ್ನಷ್ಟಕ್ಕೆ ಜಪಿಸುತ್ತಿದ್ದಳು. ಅವನು ವೈದ್ಯನ ಹಾಗೆ ದನಿ ತಗ್ಗಿಸಿ ಹೇಳಿದ.

— ಬಡಿತ ಚೆನ್ನಾಗಿದೆ. ಕಾಯಿಲೆ ಏನೂ ಇಲ್ಲ. ಯಾರೋ ಬೇಕಂತಲೇ ಮುಳ್ಳನ್ನ ಹಿಂದಕ್ಕೆ ತಳ್ಳಿದ್ದಾರೆ. ಗಾಜಿನ ಅಂಚು ನೋಡು, ಹೆಬ್ಬೆಟ್ಟಿನ ಗುರುತು. ಜಾಮ್ ಹತ್ತಿದೆ.

— ಈಗ ಅದರಲ್ಲಿ ಹನ್ನೆರಡೂವರೆ. ಅಂದ್ರೆ ನಂಗೆ ಇನ್ನೂ ಅರ್ಧ ಗಂಟೆ ಇದೆ.

— ನಿಜವಾಗಿ ಇರೋದು ಹತ್ತೇ ನಿಮಿಷ.

— ನಿಜ ಯಾರಿಗೆ ಬೇಕಾಗಿದೆ? ನಂಗೆ ಆಮ್ಲೆಟ್ ಬೇಕಾಗಿದೆ.

ಮನೆ ಬಿಡುವಾಗ ಅವಳು ಅವನ ಜೇಬುಗಳನ್ನೆಲ್ಲ ತಡಕಿ ನೋಡಿದ್ದಳು. ಕನ್ನಡಕದ ಡಬ್ಬಿ ನೋಡಿರಲಿಲ್ಲ. ಈಗ ಅದು ಟಪ್ಪೆಂದು ತೆರೆದುಕೊಂಡಿತು. ಒಳಗೆ ಕನ್ನಡಕದ ಬದಲು ಪುಟ್ಟ ಸ್ಕ್ರೂಡ್ರೈವರ್ ಸುಖವಾಗಿ ಮಲಗಿತ್ತು. ಅಂಗಿಯ ತುದಿ ಹಿಡಿದು ಎಳೆಯುವಷ್ಟರಲ್ಲಿ ಗಂಡ ಕುರ್ಚಿ ಹತ್ತಿಯಾಗಿತ್ತು.

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಾಲೀಕ ಓಡಿ ಬಂದ. ದುಂಡನೆಯ ಮನುಷ್ಯ, ಅಂಗಿಯ ಜೇಬಿನಲ್ಲಿ ಫೋನು.

— ಸರ್, ಸರ್, ಇಳೀರಿ. ಅದು ನಮ್ಮ ತಾತನ ಕಾಲದ್ದು.

— ತಾತನ ಕಾಲ ಸರಿಯಾಗೇ ಇತ್ತು. ನಿಮ್ಮ ಕಾಲ ತಪ್ಪಿದೆ.

— ಅದು ಟೈಮ್ ನೋಡೋಕಲ್ಲ ಸರ್, ಶೋಗೆ ಇಟ್ಟಿರೋದು.

— ಶೋಗೆ ಇಟ್ಟಿದ್ರೆ ಕೀಲಿ ಯಾಕೆ ಕೊಡ್ತೀರ?

— ಹಳೇದಲ್ವಾ, ವಯಸ್ಸಾಯ್ತು. ನಿಧಾನ ಆಗುತ್ತೆ.

— ವಯಸ್ಸಾದ್ದು ದಿನಾ ಇಷ್ಟಿಷ್ಟೇ ಹಿಂದೆ ಬೀಳುತ್ತೆ. ಇದು ಬಿದ್ದಿಲ್ಲ, ಯಾರೋ ತಳ್ಳಿದ್ದಾರೆ. ಅದೂ ಜಾಮ್ ತಿಂದ ಕೈಯಲ್ಲಿ.

ಮಾಲೀಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸುತ್ತಲಿನ ಮೇಜುಗಳವರು ತಿನ್ನುವುದನ್ನು ಬಿಟ್ಟು ನೋಡುತ್ತಿದ್ದರು. ಅಡುಗೆಕೋಣೆಯ ಬಾಗಿಲಲ್ಲಿ ಮೂರು ತಲೆಗಳು ಇಣುಕಿದವು, ಒಂದರ ಮೇಲೊಂದು.

ಉಳಿದ ಹತ್ತು ನಿಮಿಷ ಈ ವಾದದಲ್ಲೇ ಕಳೆದಿತ್ತು. ಗಂಡ ಮುಳ್ಳನ್ನು ಹಿಡಿದು, ತನ್ನ ವಾಚು ನೋಡುತ್ತ, ಮೆಲ್ಲಗೆ ತಿರುಗಿಸಿದ. ಗಡಿಯಾರ ಬಹಳ ದಿನದಿಂದ ಕಾದಿತ್ತೋ ಏನೋ, ಗಟ್ಟಿಯಾಗಿ ಒಂದು ಹೊಡೆಯಿತು.

ಆ ಒಂದೇ ಏಟಿಗೆ ಒಳಗೆ ಒಲೆ ಆರಿತು. ಮೂರು ತಲೆಗಳೂ ಮಾಯವಾದವು. ಬಡಿಸುವಾಕೆ ಏಪ್ರನ್ನಿನ ಎರಡು ಸುತ್ತನ್ನೂ ಬಿಚ್ಚಿ ಮಡಚಿಕೊಂಡು ಒಳಗೆ ನಡೆದಳು. ಹೊಲಿಗೆಯವಳು ಕೈಯೆತ್ತಿ, ಅಮ್ಮಾ ಒಂದು ಆಮ್ಲೆಟ್ಟು, ಎನ್ನುತ್ತಿದ್ದಂತೆ ಮಾಲೀಕ ಅಡ್ಡ ಬಂದ.

— ಬ್ರಂಚ್ ಒಂದಕ್ಕೆ ಮುಗೀತು ಮೇಡಂ. ನಿಮ್ಮ ಯಜಮಾನರೇ ಮುಗಿಸಿದ್ದು. ಇನ್ನು ಮೂರಕ್ಕೆ ಚಹಾ.

ಉಳಿದ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದರು. ಗಂಡ ಕುರ್ಚಿಯಿಂದಿಳಿದು, ಕೈ ಒರೆಸಿಕೊಂಡು, ಗೆದ್ದವನ ಗತ್ತಿನಲ್ಲಿ ಕೂತ. ಅಷ್ಟರಲ್ಲಿ ಅವನ ಹೊಟ್ಟೆ, ಇಪ್ಪತ್ತಾರು ವರ್ಷದ ಅಭ್ಯಾಸ, ಗುರ್ ಎಂದಿತು.

— ಒಂದಾಯ್ತಲ್ಲ. ಊಟ?

ಅವಳು ಮೇಜಿನ ಮೇಲಿದ್ದ ಕೈ ಒರೆಸುವ ಕಾಗದವನ್ನು ನಾಲ್ಕು ಮಡಿಕೆ ಮಡಚಿದಳು. ಆಮೇಲೆ ಎಂಟು ಮಡಿಕೆ.

— ಇಪ್ಪತ್ತಾರು ವರ್ಷ ನಿಮ್ಮ ಗಡಿಯಾರಕ್ಕೆ ಅಡುಗೆ ಮಾಡಿ ಹಾಕಿದ್ದೀನಿ. ಒಂದು ದಿನ, ಒಂದೇ ಒಂದು ಕೆಟ್ಟ ಗಡಿಯಾರ ನನ್ನ ಕಡೆ ಇತ್ತು ರೀ. ಅದನ್ನೂ ಸರಿ ಮಾಡಿಬಿಟ್ರಿ. ನಂದು ತೀಟೆ ಅಂದ್ರಲ್ಲ. ನಂದು ಬಾಯಿ ತೀಟೆ, ಒಂದು ಆಮ್ಲೆಟ್ಟಿಗೆ ತೀರೋದು. ನಿಮ್ಮದು ಕೈ ತೀಟೆ. ಅದು ಯಾವತ್ತಿಗೂ ತೀರೋದಲ್ಲ.

ಗಂಡ ಸ್ಕ್ರೂಡ್ರೈವರನ್ನು ಡಬ್ಬಿಯಲ್ಲಿ ಮಲಗಿಸಿ ಮುಚ್ಚಳ ಹಾಕಿದ. ಟಪ್ ಎಂಬ ಸದ್ದು ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಆಗ ಬಡಿಸುವಾಕೆ ಹೊರಗೆ ಬಂದಳು. ಕೈಯಲ್ಲೊಂದು ದೊಡ್ಡ ತಟ್ಟೆ; ಅದರಲ್ಲಿ ಹಬೆಯಾಡುವ ಮೂರು ಆಮ್ಲೆಟ್ಟು, ಹುರಿದ ಬ್ರೆಡ್ಡು, ಹೆಚ್ಚಿದ ಹಣ್ಣು. ನೇರ ಕಿಟಕಿಯ ಮೇಜಿಗೆ ಹೋಗಿ ಹಲಗೆಯನ್ನು ಬೋರಲು ಹಾಕಿದಳು.

— ಬನ್ನಿ ಅಕ್ಕ. ಕಾದಿರಿಸಿದ್ದು ನಿಮಗೇ.

— ಅಲ್ಲಮ್ಮ, ಅಡುಗೆ ಮುಗೀತಂತಲ್ಲ.

— ಗಿರಾಕಿಗಳದ್ದು ಮುಗೀತು. ಇದು ನಮ್ಮ ಊಟ. ನೀವು ಆಮ್ಲೆಟ್ ಜಪ ಮಾಡ್ತಿದ್ದಾಗಲೇ ಒಳಗೆ ಎರಡು ಜಾಸ್ತಿ ಹಾಕಿಸಿದೆ. ಸರ್ ಗಡಿಯಾರ ಮುಟ್ಟದೆ ಬಿಡಲ್ಲ ಅಂತ ಗೊತ್ತಿತ್ತು.

ಮೂವರೂ ಅಲ್ಲಿ ಕೂತ ಮೇಲೆ ತಿನ್ನುತ್ತ ತಿನ್ನುತ್ತ ಆಕೆ ಬಿಡಿಸಿ ಹೇಳಿದಳು. ಕೆಲಸದವರ ಊಟದ ಬಿಡುವು ಒಂದರಿಂದ ಒಂದೂವರೆ, ಮಾತಿನ ಪ್ರಕಾರ. ಕೆಲಸಕ್ಕೆ ಬಂದ ಕೂಡಲೇ ಎಲ್ಲರ ಫೋನೂ ಪೆಟ್ಟಿಗೆಗೆ ಹೋಗುತ್ತದೆ. ಊಟಕ್ಕೆ ಬಿಡುವುದು ಗೋಡೆಯ ಗಡಿಯಾರ ನೋಡಿ, ಮತ್ತೆ ಕೆಲಸಕ್ಕೆ ಕರೆಯುವುದು ಮಾಲೀಕನ ಜೇಬಿನ ಫೋನು ನೋಡಿ. ಅರ್ಧ ಗಂಟೆಯಲ್ಲಿ ಇವರಿಗೆ ದಕ್ಕುವುದು ಹತ್ತು ನಿಮಿಷ. ಎಲ್ಲರಿಗೂ ಗೊತ್ತು, ಮುಟ್ಟಿದವರ ಕೆಲಸ ಹೋಗುತ್ತದೆ ಎಂಬುದೂ ಗೊತ್ತು.

— ನನ್ನ ಅಲಾರಾಂ ಗಡಿಯಾರ ಕೆಟ್ಟಾಗ ಒಂದ್ಸಲ ಸರ್ ಅಂಗಡಿಗೆ ತಂದಿದ್ದೆ ಅಕ್ಕ. ಎದುರಿನ ಅಂಗಡಿ ಗಡಿಯಾರ ತಪ್ಪು ತೋರಿಸ್ತಿದೆ ಅಂತ ನನ್ನದನ್ನ ಅರ್ಧಕ್ಕೆ ಬಿಚ್ಚಿಟ್ಟು ಎದ್ದು ಹೋದ್ರು. ಇವತ್ತು ಬಾಗಿಲಲ್ಲಿ ಇವರನ್ನ ಕಂಡಾಗ ಅನ್ನಿಸ್ತು, ಕೆಲಸದವರು ಮುಟ್ಟೋ ಹಾಗಿಲ್ಲ, ಗಿರಾಕಿಯ ಕೈನ ಯಾರು ಹಿಡೀತಾರೆ ಅಂತ.

ಹೆಂಡತಿ ನಕ್ಕಳೋ ಬಿಕ್ಕಿದಳೋ, ಬ್ರೆಡ್ಡಿನ ಚೂರು ಅಡ್ಡ ಹೋಯಿತು. ಅಷ್ಟರಲ್ಲಿ ಮಾಲೀಕ ಮೇಜಿನ ಬಳಿ ಬಂದು ನಿಂತ.

— ಕೆಲಸದವರು ಗಿರಾಕಿಗಳ ಜೊತೆ ಕೂರೋ ಹಾಗಿಲ್ಲ.

— ಕೆಲಸದವರು ಎಲ್ಲಿದ್ದಾರೆ? ಗಡಿಯಾರ ನೋಡಿ, ಒಂದೂ ಹತ್ತು. ಇವರು ಈಗ ನನಗೆ ತಂಗಿ.

— ಬ್ರಂಚ್ ಮುಗಿದಿದೆ ಅಂದೆನಲ್ಲ ಮೇಡಂ.

— ಮುಗಿದಿದೆ. ಇದು ತೀಟೆ.

ಮಾಲೀಕನಿಗೆ ಅರ್ಥವಾಗಲಿಲ್ಲ. ಗಲ್ಲಾಪೆಟ್ಟಿಗೆಗೆ ಹಿಂದಿರುಗಿದ. ಕಿಟಕಿಯ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಹೊಲಿಗೆಯವಳು ಏಪ್ರನ್ನನ್ನು ಕೇಳಿ ತೆಗೆದುಕೊಂಡು, ಸೊಂಟದಲ್ಲಿ ಎಲ್ಲಿ ಹಿಡಿಯಬೇಕು, ಅಂಚನ್ನು ಎಷ್ಟು ಮಡಚಬೇಕು ಎಂದು ಬೆರಳಿನಿಂದ ಅಳೆದು ತೋರಿಸಿದಳು. ಬಡಿಸುವಾಕೆ ಮೇಜಿನ ಕೆಳಗೆ ಚಪ್ಪಲಿ ಕಳಚಿ ಕಾಲು ಚಾಚಿದ್ದಳು. ತಟ್ಟೆಯಲ್ಲಿ ಹಣ್ಣು ಇನ್ನೂ ಹಾಗೇ ಇತ್ತು.

ಮಾಲೀಕ ಮತ್ತೆ ಬಂದ. ಈ ಸಲ ಫೋನನ್ನು ಮುಂದಕ್ಕೆ ಹಿಡಿದುಕೊಂಡು.

— ಒಂದೂವರೆ ಆಯ್ತು. ಏಳಮ್ಮ.

ಗಡಿಯಾರದವನು ತನ್ನ ವಾಚು ನೋಡಿದ. ಸೆಕೆಂಡಿನ ಮುಳ್ಳು ಸಮೇತ ಸರಿಯಾಗಿ ಒಂದೂವರೆ. ಮೇಜಿನ ಕೆಳಗಿನ, ಒಂದೇ ಕಡೆ ಸವೆದ ಚಪ್ಪಲಿಯನ್ನು ನೋಡಿದ. ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

— ನನ್ನ ವಾಚಲ್ಲಿ ಒಂದೂ ಹತ್ತು.

— ಫೋನು ತಪ್ಪೋದಿಲ್ಲ ಸರ್. ಬೇಕಾದ್ರೆ ಗೋಡೆ ಗಡಿಯಾರ ನೋಡಿ. ನೀವೇ ಸರಿ ಮಾಡಿದ್ದು.

— ಅದು ಶೋಗೆ ಇಟ್ಟಿರೋದಲ್ವಾ? ಫೋನ್ ಕೊಡಿ ಇಲ್ಲಿ, ಎಲ್ಲಿ ತಪ್ಪಿದೆ ಅಂತ ಬಿಚ್ಚಿ ನೋಡ್ತೀನಿ.

ಕನ್ನಡಕದ ಡಬ್ಬಿ ಟಪ್ಪೆಂದಿತು. ಫೋನು ಜೇಬಿಗೆ ಹೋಯಿತು, ಜೇಬಿನ ಮೇಲೊಂದು ಕೈ ಬಂತು, ಮಾಲೀಕ ಹಿಂದಹಿಂದಕ್ಕೆ ನಡೆದು ಹೋದ.

ಅವಳು ಗಂಡನ ಮಣಿಕಟ್ಟು ಹಿಡಿದು ತನ್ನ ಕಡೆಗೆ ಎಳೆದುಕೊಂಡು ನೋಡಿದಳು. ಅವನು ಮೆಲ್ಲಗೆ ಅಂಗಿಯ ತೋಳನ್ನು ವಾಚಿನ ಮೇಲೆ ಜಾರಿಸಿದ.

— ರೀ, ನೀವು ಇಪ್ಪತ್ತು ನಿಮಿಷ ಹಿಂದಿದ್ದೀರಿ. ರಿಪೇರಿ ಆಗಬೇಕು.

ಬಡಿಸುವಾಕೆ ಹಣ್ಣಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

— ಬಿಡಿ ಅಕ್ಕ, ಮುಟ್ಟಬೇಡಿ. ಹೀಗೇ ಚೆನ್ನಾಗಿ ಓಡ್ತಿದ್ದಾರೆ.