ಮೆತ್ತಗಣ್ಣ ಗೆದ್ದ ಕೇಸು

ಮೂರು ಮಹಡಿ ಹತ್ತಿಳಿದು ಹೆಂಡತಿಯ ಮೊಣಕಾಲು ಸವೆದುಹೋದದ್ದರಿಂದ ವಾಚ್ ರಿಪೇರಿಯವನು ನೆಲಮಹಡಿಯ ಮನೆ ಹುಡುಕಿದ. ಪಕ್ಕದ ಬೀದಿಯಲ್ಲೇ ಒಂದು ಸಿಕ್ಕಿತು. ಮನೆಯೊಡತಿ ರಿಟೈರಾದ ಟೀಚರ್. ಬೆಳಿಗ್ಗೆ ಕೀಲಿ ಕೊಡುವ ಮುನ್ನ ಬಾಡಿಗೆ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲಿ ಇವನ ಹೆಸರು ಹಾಕಿ ನೋಡಿದರು. ‘ಮಾಲೀಕರನ್ನು ಗೇಟಿನ ಹೊರಗಿಟ್ಟು ಬೀಗ ಜಡಿದ ಬಾಡಿಗೆದಾರ’ ಎಂದು ಬಂತು.

ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಯ ಕ್ಷಮೆ ಕೇಳುವ ಪ್ರಾಣಿ ಇವನು. ಕಟ್ಟಡದವರು ಕರೆಯುತ್ತಿದ್ದುದೇ ಮೆತ್ತಗಣ್ಣ ಎಂದು. ಬೀಗ ಜಡಿದವನು ಕೆಳಮನೆಯ ಟೈಲರ್. ಮೆತ್ತಗಣ್ಣ ಆ ಕೇಸಿಗೆ ಸಾಕ್ಷಿ ಹೇಳಲು ಹೋಗಿದ್ದ, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಸಾಕ್ಷಿಯ ಹೆಸರನ್ನು ಯಾರೋ ಬಾಡಿಗೆದಾರನ ಕಾಲಮ್ಮಿಗೆ ತುಂಬಿದ್ದರು.

“ಸಂಜೆ ಆರರೊಳಗೆ ತಿದ್ದಿಸ್ಕೊಂಡು ಬನ್ನಿ. ಆಮೇಲೆ ಬೇರೆಯವರಿಗೆ ಕೊಟ್ಬಿಡ್ತೀನಿ,” ಎಂದರು ಟೀಚರ್.

ವಿಷಯ ಕಿವಿಗೆ ಬಿದ್ದದ್ದೇ ತಡ, ಟೈಲರ್ ಕೊರಳಿನ ಟೇಪನ್ನೂ ತೆಗೆಯದೆ ಜೊತೆಗೆ ಹೊರಟ. ತನ್ನ ಪರಾಕ್ರಮ ಇನ್ನೊಬ್ಬನ ಹೆಸರಿಗೆ ಹೋಯಿತಲ್ಲ ಎಂಬ ಸಂಕಟ ಅವನದು.

ನ್ಯಾಯಮಂಡಳಿಯ ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳು. ಒಂದು ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರೆ ತಿಂಗಳೊಳಗೆ ಸದ್ದಿಲ್ಲದೆ ಸರಿಹೋಗುತ್ತದೆ ಎಂದಳು. ಇವತ್ತೇ ಆಗಬೇಕಾದರೆ ಏನು ದಾರಿ ಎಂದು ಟೈಲರ್ ಮೂಗು ತೂರಿಸಿದ. ತುರ್ತು ಅರ್ಜಿ ಹಾಕಿ ಸಾಹೇಬರ ಮುಂದೆ ವಾದ ಮಾಡಬೇಕು ಎಂದಳು.

ಅರ್ಜಿಯನ್ನು ಟೈಲರೇ ಬರೆದ. ಮೆತ್ತಗಣ್ಣ ‘ದಯವಿಟ್ಟು’ ಎಂದು ಹೇಳಿಕೊಟ್ಟಲ್ಲೆಲ್ಲ ಅವನು ‘ಕೂಡಲೇ’ ಎಂದು ಗೀಚಿದ. ಮಧ್ಯಾಹ್ನ ವಿಚಾರಣೆ ನಡೆಯಿತು. ಮೆತ್ತಗಣ್ಣ ಸಾಹೇಬರಿಗೆ ಕೈಮುಗಿದು ಹಿಂದೆ ಸರಿದ. ಬೀಗ ಹಾಕಿದ್ದು ತಾನೇ ಎಂದು ಟೈಲರ್ ಎದೆ ತಟ್ಟಿಕೊಂಡು ಹೇಳಿದ, ಬೀಗದ ತೂಕವನ್ನೂ ಸೇರಿಸಿದ. ಸಾಹೇಬರು ಕಚೇರಿಯ ತಪ್ಪನ್ನು ಒಪ್ಪಿಕೊಂಡು ಆದೇಶ ಕೊಟ್ಟರು. ಮೆತ್ತಗಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು.

ಐದೂವರೆಗೆ ಅವನು ಟೀಚರ್ ಮನೆಯ ಬಾಗಿಲಲ್ಲಿದ್ದ. ಅವರು ಕನ್ನಡಕ ಏರಿಸಿ ಫೋನು ನೋಡಿದರು. ಹಳೆಯ ಕೇಸಿನಲ್ಲಿ ಇವನೀಗ ಬರೀ ಸಾಕ್ಷಿ. ಟೀಚರ್ ಕೀಲಿಗೊಂಚಲು ಎತ್ತಿಕೊಂಡರು. ಅಷ್ಟರಲ್ಲಿ ಅವರ ಬೆರಳು ಫೋನಿನ ಮೇಲೆ ಇನ್ನಷ್ಟು ಕೆಳಗೆ ಜಾರಿತು. ಅಲ್ಲೊಂದು ಹೊಸ ದಾಖಲೆ ಇತ್ತು. ಅರ್ಜಿದಾರ: ಇವನೇ. ಪ್ರತಿವಾದಿ: ಬಾಡಿಗೆ ನ್ಯಾಯಮಂಡಳಿ. ತೀರ್ಪು: ಅರ್ಜಿದಾರನ ಪರ.

ಟೀಚರ್ ಕೀಲಿಯನ್ನು ಮೆಲ್ಲನೆ ಸೆರಗಿನೊಳಗೆ ಸೇರಿಸಿದರು.

“ಓನರ್ ಜೊತೆ ಜಗಳ ಆಡೋರನ್ನ ಹೇಗೋ ಸಂಭಾಳಿಸ್ಬಹುದು. ನ್ಯಾಯಮಂಡಳೀನೇ ಅರ್ಧ ದಿನದಲ್ಲಿ ಸೋಲಿಸಿದೋರಿಗೆ ಮನೆ ಕೊಟ್ಟು ನಾನೆಲ್ಲಿಗೆ ಹೋಗ್ಲಿ?”

“ಇದನ್ನೂ ತಿದ್ದಿಸ್ಕೊಂಡು ಬರ್ತೀನಿ ಟೀಚರ್,” ಎಂದ ಮೆತ್ತಗಣ್ಣ.

ಟೀಚರ್ ಗಾಬರಿಯಿಂದ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಮೂರು ಮಹಡಿ ಹತ್ತಿ ಅವನು ಹೆಂಡತಿಗೆ ವರದಿ ಒಪ್ಪಿಸಿದ. ಅವಳು ಮೊಣಕಾಲು ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ತೀರ್ಪನ್ನು ಹುಡುಕಿಸಿ ತವರಿನವರಿಗೆಲ್ಲ ಕಳಿಸಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಗೆದ್ದ ಮೊದಲ ಜಗಳ ಅದು.